ಬಿಎಂಡಬ್ಲ್ಯು ಆರ್ 80/7: ಸ್ವಿಂಗ್‌ಆರ್ಮ್ ಬೇರಿಂಗುಗಳ ಮನೆಯ ಸರ್ವಿಸ್, ಒಂಬತ್ತು ವರ್ಷಗಳ ಬಳಕೆಯ ನಂತರ

ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಾನು ಓಡಿಸುತ್ತಿರುವ 1979ರ ಬಿಎಂಡಬ್ಲ್ಯು ಆರ್ 80/7 ಬೈಕನ್ನು ಕೊಂಡು ಒಂಬತ್ತು ವರ್ಷಗಳಾದವು. ಅದರ ಬಾಕ್ಸರ್ ಎಂಜಿನ್ನಿನ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಇಲ್ಲಿ ಬರೆಯುವುದು ಹಿಂದಿನ ಸ್ವಿಂಗ್‌ಆರ್ಮ್‌ನ, ಅಂದರೆ ಹಿಂದಿನ ಚಕ್ರವನ್ನು ಚಾಸಿಗೆ ಜೋಡಿಸಿ ಮೇಲೆ ಕೆಳಗೆ ಆಡುವ ತೋಳಿನ, ಎರಡು ಬೇರಿಂಗುಗಳ ಬಗ್ಗೆ ಮಾತ್ರ. ಈ ಅವಧಿಯಲ್ಲಿ ಅವನ್ನು ಒಮ್ಮೆ ಪೂರ್ತಿ ಬದಲಿಸಿದ್ದೇನೆ, ಎರಡು ಸಲ ಬಿಚ್ಚಿ ತೊಳೆದು ಗ್ರೀಸ್ ತುಂಬಿ ಮತ್ತೆ ಹೊಂದಿಸಿದ್ದೇನೆ. ಮನೆಯಲ್ಲೇ ನೋಡಿಕೊಳ್ಳಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಆದರೆ ಸರ್ವಿಸಿನ ಲೆಕ್ಕವನ್ನು ಕಿಲೋಮೀಟರಿನಲ್ಲಿ ಇಟ್ಟರೆ ಇದು ಖಂಡಿತ ಕೈಕೊಡುತ್ತದೆ, ವರ್ಷಗಳಲ್ಲಿ ಇಡಬೇಕು.

ಚೈನ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ ಒಂದು ಉದ್ದನೆಯ ಬೋಲ್ಟ್ ಅಡ್ಡಲಾಗಿ ಹಾದುಹೋಗಿ ಸ್ವಿಂಗ್‌ಆರ್ಮ್ ಅನ್ನು ಹಿಡಿದಿರುತ್ತದೆ. ಇಲ್ಲಿ ಚೈನಿನ ಬದಲು ಹಿಂದಿನ ಚಕ್ರವನ್ನು ತಿರುಗಿಸುವುದು ಶಾಫ್ಟ್ ಎಂಬ ಉದ್ದನೆಯ ಸರಳು. ಬಲಗಡೆಯ ತೋಳೇ ಅದು ತಿರುಗುವ ಕೊಳವೆ, ಅದರೊಳಗೆ ಎಣ್ಣೆ ಇರುತ್ತದೆ, ಗೇರ್‌ಬಾಕ್ಸಿನ ಹಿಂದಿನ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಬಾಗಿದರೂ ತಿರುಗಲು ಬಿಡುವ ಕೀಲು) ತೋಳು ಮಡಿಯುವ ಜಾಗದಲ್ಲೇ ಕುಳಿತಿರುತ್ತದೆ. ಹಾಗಾಗಿ ಆರಪಾರ ಬೋಲ್ಟ್ ಹಾಕಲು ಜಾಗವೇ ಇಲ್ಲ. ಅದರ ಬದಲು ಚಾಸಿಯ ಎಡಬಲಗಳಿಂದ ಎರಡು ಗಿಡ್ಡ ಪಿನ್ನುಗಳು ತಿರುಪಿನಂತೆ ಒಳಹೊಕ್ಕು ಒಂದೊಂದು ಟೇಪರ್ ರೋಲರ್ ಬೇರಿಂಗನ್ನು (ಒಂದು ತುದಿ ಸಪೂರವಾದ ರೋಲರುಗಳ ಬೇರಿಂಗ್) ಒತ್ತಿ ಹಿಡಿಯುತ್ತವೆ. ಪಿನ್ನಿನ ಮೇಲೆ ಲಾಕ್‌ನಟ್, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಬೇರಿಂಗ್ ಸಡಿಲವಾದರೆ ಪಿನ್ನನ್ನು ಸ್ವಲ್ಪ ತಿರುಗಿಸಿ ಬಿಗಿ ಮಾಡಿಕೊಳ್ಳಬಹುದು ಎಂಬುದೇ ಇದರ ದೊಡ್ಡ ಗುಣ.

ಕೊಂಡ ಹೊಸದರಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಉದ್ದನೆಯ ತಿರುವು ತೆಗೆದುಕೊಳ್ಳುವಾಗ ಬೈಕಿನ ಹಿಂಭಾಗ ಮೆಲ್ಲಗೆ ತೂಗಾಡುತ್ತಿತ್ತು. ಟಯರ್ ಬದಲಿಸಿದೆ, ಚಕ್ರದ ಬೇರಿಂಗ್ ನೋಡಿದೆ, ತೂಗಾಟ ಹೋಗಲಿಲ್ಲ. ಕೊನೆಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರ ಮತ್ತು ಎರಡೂ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ತೋಳಿನ ತುದಿ ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿದಾಗ ಒಳಗಿನಿಂದ ಟಕ್ಕೆಂಬ ಸದ್ದು ಕೈಗೇ ತಿಳಿಯಿತು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಲಾಕ್‌ನಟ್‌ಗಳನ್ನು ಉಳಿ ಮತ್ತು ಸುತ್ತಿಗೆಯಿಂದ ತಿರುಗಿಸಿದ್ದರು. ಎರಡರ ಮೂಲೆಗಳೂ ಉದುರಿದ್ದವು. ಈ ನಟ್‌ಗಳು ಚಾಸಿಯ ಗುಳಿಯೊಳಗೆ ಇರುವುದರಿಂದ ಮಾಮೂಲಿ 27 ಮಿ.ಮೀ. ಸಾಕೆಟ್ ಒಳಗೆ ಹೋಗುವುದಿಲ್ಲ. ಹೊರಮೈಯನ್ನು ಲೇತಿನಲ್ಲಿ ತೆಳ್ಳಗೆ ಕಡೆಸಿದ ಸಾಕೆಟ್ ಬೇಕು. ಅದೊಂದು ಇಲ್ಲದೆ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ.

ಬಿಚ್ಚಿದ ಮೇಲೆ ಕಂಡದ್ದು ನನಗೆ ಇಂದಿಗೂ ನೆನಪಿದೆ. ಎಡಗಡೆಯ ಗ್ರೀಸ್ ತುಕ್ಕು ಬೆರೆತು ಒಣಗಿದ ಕೆಮ್ಮಣ್ಣಿನಂತಾಗಿತ್ತು. ಬೇರಿಂಗಿನ ಹೊರ ರೇಸನ್ನು, ಅಂದರೆ ರೋಲರುಗಳು ಉರುಳುವ ಹೊರಗಿನ ಉಂಗುರವನ್ನು, ಸೀಮೆಎಣ್ಣೆಯಲ್ಲಿ ಒರೆಸಿ ಬೆಳಕಿಗೆ ಹಿಡಿದಾಗ, ಒಂದೊಂದು ರೋಲರ್ ಕುಳಿತಿದ್ದ ಕಡೆಯೂ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಗೆರೆಗಳು ಬಿದ್ದಿದ್ದವು. ಉಗುರು ಎಳೆದರೆ ಪ್ರತಿ ಗೆರೆಯಲ್ಲೂ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಹಾವೇರಿ ಕಡೆ ಗಾಡಿ ಹೂಡುವ ಮುನ್ನ ಅಜ್ಜ ಅಚ್ಚಿಗೆ ಕೀಲೆಣ್ಣೆ ಹಾಕಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ಗಾಡಿಯ ಗಾಲಿಯಾದರೂ ಪೂರ್ತಿ ಸುತ್ತು ಸುತ್ತಿ ಎಣ್ಣೆಯನ್ನು ಸವರಿಕೊಳ್ಳುತ್ತದೆ. ಸ್ವಿಂಗ್‌ಆರ್ಮ್ ಎಂದೂ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಮೇಲೆ ಕೆಳಗೆ ಆಡುತ್ತದೆ. ರೋಲರುಗಳು ಇದ್ದಲ್ಲೇ ತೊನೆಯುತ್ತ ಗ್ರೀಸನ್ನು ಪಕ್ಕಕ್ಕೆ ಸರಿಸುತ್ತವೆ, ಸರಿದದ್ದು ಮರಳಿ ಬರುವುದಿಲ್ಲ, ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಎರಚುವ ಉಪ್ಪಿನ ನೀರು ಆ ಜಾಗಕ್ಕೆ ಇಳಿಯುತ್ತದೆ. ಹಾಗೆ ಇಳಿದ ನೀರು ಗಾಡಿ ಓಡದೆ ನಿಂತಿದ್ದರೂ ತುಕ್ಕು ಹಿಡಿಸುತ್ತಲೇ ಇರುತ್ತದೆ. ವರ್ಷದ ಲೆಕ್ಕ ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ತೋಳನ್ನು ಹೊರತೆಗೆಯುವಾಗ ಹೆಚ್ಚು ತಾಳ್ಮೆ ಬೇಡುವುದು ಶಾಫ್ಟನ್ನು ಗೇರ್‌ಬಾಕ್ಸಿಗೆ ಕಟ್ಟಿರುವ ನಾಲ್ಕು ಬೋಲ್ಟ್‌ಗಳು. ಮೊದಲು ಕೊಳವೆಯ ಎಣ್ಣೆ ಇಳಿಸಿ, ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್ ಹಿಂದಕ್ಕೆ ಸರಿಸಿ, ಚಕ್ರ ಇನ್ನೂ ಜಾಗದಲ್ಲಿರುವಾಗಲೇ ಹಿಂದಿನ ಬ್ರೇಕ್ ಒತ್ತಿಹಿಡಿದು ಒಂದೊಂದಾಗಿ ಸಡಿಲಿಸಬೇಕು. ಜೋಡಿಸುವಾಗ ಹೊಸ ಬೋಲ್ಟ್‌ಗಳನ್ನೇ ಹಾಕಿ. ಹೊರ ರೇಸುಗಳು ಕುರುಡು ರಂಧ್ರದಲ್ಲಿ ಕೂತಿರುವುದರಿಂದ ಹಿಂದಿನಿಂದ ಬಡಿಯಲು ಆಗುವುದಿಲ್ಲ. ಬಾಡಿಗೆಗೆ ತಂದ ಪುಲ್ಲರ್ ಹಾಕಿ, ಸುತ್ತಲೂ ಹೀಟ್ ಗನ್ನಿನಿಂದ ಕಾಯಿಸಿದ ಮೇಲೆ ಎರಡೂ ಹೊರಬಂದವು.

ಇಡೀ ಕೆಲಸದ ಜೀವಾಳ ಹೊಂದಾಣಿಕೆ. ತೋಳಿಗೂ ಚಾಸಿಗೂ ನಡುವಿನ ಸಂದು ಎರಡೂ ಬದಿ ಒಂದೇ ಇರಬೇಕು. ನಾನು ಡ್ರಿಲ್ ಬಿಟ್‌ನ ನುಣುಪಾದ ಹಿಡಿಯ ಭಾಗವನ್ನು ಅಳತೆಗೋಲಾಗಿ ಬಳಸಿದೆ. ಮಗ ಬಗ್ಗಿ ಕೂತು ತೂರಿಸುತ್ತಿದ್ದ: “ಅಪ್ಪಾ, ಬಲಗಡೆ ಹೋಗ್ತಿದೆ, ಎಡಗಡೆ ಇನ್ನೂ ಹಿಡೀತಿದೆ.” ಒಂದು ಪಿನ್ ಕಾಲು ಸುತ್ತು ಹೊರಗೆ, ಇನ್ನೊಂದು ಅಷ್ಟೇ ಒಳಗೆ, ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಸರಿಹೋಯಿತು. ನಂತರ ಪಿನ್ನನ್ನು 20 ನ್ಯೂಟನ್ ಮೀಟರಿಗೆ ಬಿಗಿದು ರೋಲರುಗಳನ್ನು ಕೂರಿಸಿ, ಸಡಿಲಿಸಿ, ಮತ್ತೆ 10ಕ್ಕೆ ಬಿಗಿದು, ಲಾಕ್‌ನಟ್ಟನ್ನು ಸುಮಾರು 100ಕ್ಕೆ ಬಿಗಿಯಬೇಕು. ಮೊದಲ ಸಲ ನಟ್ ಬಿಗಿಯುವಾಗ ಪಿನ್ನೂ ಜೊತೆಗೆ ತಿರುಗಿ ತೋಳು ಬಿರುಸಾಗಿಬಿಟ್ಟಿತ್ತು. ಎಲ್ಲವನ್ನೂ ಬಿಚ್ಚಿ ಮತ್ತೆ ಮಾಡಿದೆ. ಶಾಫ್ಟನ್ನು ಗೇರ್‌ಬಾಕ್ಸಿಗೆ ಕಟ್ಟುವ ಮೊದಲೇ ತೋಳನ್ನು ಮಟ್ಟಕ್ಕೆ ಎತ್ತಿ ಬಿಡಿ. ಎಲ್ಲೂ ತಡೆಯದೆ ಇಳಿಯಬೇಕು, ಪಕ್ಕಕ್ಕೆ ತಳ್ಳಿದರೆ ಕೂದಲೆಳೆಯಷ್ಟೂ ಅಲುಗಬಾರದು.

ಅಂದಿನಿಂದ ತೂಗಾಟ ಮರಳಿಲ್ಲ. ಮೊದಲ ಸಲ ಎರಡು ಶನಿವಾರ ಹಿಡಿದ ಕೆಲಸ ಈಗ ಒಂದು ದಿನದ್ದು. ಪಿನ್ನಿನ ನಡುವಿನ ರಂಧ್ರಕ್ಕೆ ಚೂಪುಮೂತಿಯ ಗ್ರೀಸ್ ಗನ್ ಇಟ್ಟು ವರ್ಷಕ್ಕೊಮ್ಮೆ ಒತ್ತುತ್ತೇನೆ, ಮೂರು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚುತ್ತೇನೆ. ಕಳೆದ ಮಾರ್ಚಿನಲ್ಲಿ ಬಿಚ್ಚಿದಾಗ ರೇಸುಗಳ ಮೇಲೆ ಒಂದು ಗೆರೆಯೂ ಇರಲಿಲ್ಲ. ಸರಿಯಾಗಿ ಕೂರದೆ ತೊಂದರೆ ಕೊಟ್ಟದ್ದು ರಬ್ಬರ್ ಬೂಟ್ ಮಾತ್ರ. ಅದರ ಕ್ಲಿಪ್ಪನ್ನು ಮತ್ತೊಮ್ಮೆ ಬಿಗಿದು, ನೂರು ಕಿ.ಮೀ. ಓಡಿಸಿ ಬಂದು ಕೆಳಗೆ ಕಾಗದ ಹಾಸಿ ನೋಡಿದೆ. ಬೆಳಿಗ್ಗೆ ಕಾಗದದ ಮೇಲೆ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ.