ಕುಡಿತ ಬಿಡಲು ಯಾವ ಮೀಟಿಂಗ್? ಹತ್ತಿರದ ಎ.ಎ., ಝೂಮ್, ನವಜೀವನ ಸಮಿತಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮನೆಯಿಂದ ಅರ್ಧ ಗಂಟೆಯೊಳಗೆ ಮುಟ್ಟಬಹುದಾದ, ಸಂಜೆ ಹೊತ್ತು ಕನ್ನಡದಲ್ಲಿ ನಡೆಯುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಸೇರುವ ಕೂಟ) ಮೀಟಿಂಗಿಗೆ. ಝೂಮ್‌ನಲ್ಲಿ ನಡೆಯುವ ಆನ್‌ಲೈನ್ ಎ.ಎ. ಮೀಟಿಂಗ್ ಅದಕ್ಕೆ ಊರುಗೋಲು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ ಹಳ್ಳಿ ಕಡೆಯವರಿಗೆ ಮೊದಲನೆಯದೇ ಆದೀತು, ಬೆಂಗಳೂರಿನ ಬಾಡಿಗೆ ಮನೆಯವರಿಗೆ ಕಷ್ಟ.

ಬೆಳಗ್ಗೆ ಎದ್ದಾಗ ಕೈ ನಡುಗಿ, ಒಂದು ಪೆಗ್ ಬಿದ್ದ ಮೇಲಷ್ಟೇ ಅದು ನಿಲ್ಲುವುದಾದರೆ ಈ ಮೂರರಲ್ಲಿ ಯಾವುದನ್ನೂ ನಂಬಿಕೊಂಡು ಏಕಾಏಕಿ ಕುಡಿತ ಬಿಡಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು ಶುರುವಾದರೆ ಜೀವಕ್ಕೇ ಅಪಾಯ. ಮೊದಲು ಡಾಕ್ಟರು, ಆಮೇಲೆ ಮೀಟಿಂಗ್. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ (ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಎ.ಎ.ಗೆ ಹೋಗುವವರು ಎಡವುವುದು ಕುಡಿತದಲ್ಲಲ್ಲ, ಬಾಗಿಲು ಹುಡುಕುವುದರಲ್ಲಿ. ಎ.ಎ. ಮೀಟಿಂಗುಗಳ ಪಟ್ಟಿಯಲ್ಲಿ ವಾರ, ಹೊತ್ತು, ಶಾಲೆಯದೋ ಚರ್ಚಿನದೋ ಹೆಸರು ಇರುತ್ತದೆ, ಅಷ್ಟೇ. ಅಲ್ಲಿಗೆ ಹೋದರೆ ಬೋರ್ಡಿಲ್ಲ. ಹೆಸರು ಹೊರಗೆ ಬೀಳಬಾರದೆನ್ನುವ ಕೂಟ, ಬೋರ್ಡು ದೊಡ್ಡದಾಗಿ ಹಾಕುವುದಿಲ್ಲ. ಗೇಟಿನ ವಾಚ್‌ಮನ್‌ಗೆ ‘ಕುಡಿತ ಬಿಡಿಸುವ ಮೀಟಿಂಗ್ ಎಲ್ಲಿ’ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಹತ್ತು ನಿಮಿಷ ಗೇಟಿನ ಮುಂದೆ ಅಡ್ಡಾಡಿ ವಾಪಸಾದರೆ ದಾರಿಯಲ್ಲೇ ಬಾರು. ಕೊಠಡಿ ನೋಡಿದರೆ ಹಿಂಬದಿಯಲ್ಲಿ, ಸೈಕಲ್ ಸ್ಟ್ಯಾಂಡ್ ದಾಟಿ, ಮೆಟ್ಟಿಲ ಪಕ್ಕದಲ್ಲಿರುತ್ತದೆ.

ಪಟ್ಟಿಯೂ ಹಳೆಯದಿರಬಹುದು. ಶಾಲೆಯಲ್ಲಿ ಪರೀಕ್ಷೆ ಇದ್ದರೆ ಆ ವಾರ ಕೊಠಡಿ ಸಿಗುವುದಿಲ್ಲ. ‘ಕನ್ನಡ’ ಎಂದು ಬರೆದಿದ್ದರೂ ಅರ್ಧ ಮಾತು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಸಾಗಬಹುದು. ‘ಕ್ಲೋಸ್ಡ್’ ಎಂದು ಕಂಡು ಮೀಟಿಂಗೇ ನಿಂತುಹೋಗಿದೆ ಎಂದುಕೊಳ್ಳುವವರಿದ್ದಾರೆ. ಅದು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ ಎಂದರ್ಥ. ‘ಓಪನ್’ ಆದರೆ ಹೆಂಡತಿಯೋ ಅಣ್ಣನೋ ಜೊತೆಗೆ ಬಂದು ಕೂರಬಹುದು.

ಹಾಗಾಗಿ ಹಿಂದಿನ ದಿನವೇ ಎ.ಎ. ಸಹಾಯವಾಣಿಗೆ ಫೋನ್ ಮಾಡಿ. ಈ ವಾರ ನಡೆಯುತ್ತದೆಯೇ, ಯಾವ ಗೇಟು ಯಾವ ಕೊಠಡಿ, ಮಾತು ಯಾವ ಭಾಷೆಯಲ್ಲಿ, ಓಪನ್ನೋ ಕ್ಲೋಸ್ಡೋ, ಇಷ್ಟು ಕೇಳಿಕೊಳ್ಳಿ. ಕೊನೆಗೆ ‘ಯಾರಾದರೂ ಗೇಟಿನ ಹತ್ತಿರ ನಿಂತಿರುತ್ತಾರಾ?’ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ಹೊಸಬರಿಗಾಗಿ ಬಂದು ನಿಲ್ಲುವುದನ್ನು ಹಳೆ ಸದಸ್ಯರು ತಮ್ಮ ಕೆಲಸವೆಂದೇ ತಿಳಿಯುತ್ತಾರೆ. ಇನ್ನು ಗೇಟಿನಲ್ಲಿ ಬರೀ ‘ಎ.ಎ. ಮೀಟಿಂಗ್’ ಅಂದರೆ ಸಾಕು, ಕುಡಿತದ ಸುದ್ದಿ ಬೇಡ.

ಚರ್ಚು ಅಂದಕೂಡಲೇ ಹಿಂದೆ ಸರಿಯಬೇಡಿ. ಅದು ಕಡಿಮೆ ಬಾಡಿಗೆಗೆ ಸಿಕ್ಕ ಕೊಠಡಿ, ಎ.ಎ.ಗೆ ಯಾವ ಮತದ ನಂಟೂ ಇಲ್ಲ. ದೇವರ ಮಾತು ಬರುತ್ತದೆ ನಿಜ, ಆದರೆ ಅವರವರು ಕಂಡಂತೆ. ಫೀಸಿಲ್ಲ. ಚಹಾಕ್ಕೂ ಬಾಡಿಗೆಗೂ ಒಂದು ಚೀಲ ಸುತ್ತು ಬರುತ್ತದೆ, ಹತ್ತು ರೂಪಾಯಿ ಹಾಕಿದರೂ ಸರಿ, ಬಿಟ್ಟರೂ ಸರಿ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳ್ತೀನಿ’ ಅಂದರೆ ಯಾರೂ ಒತ್ತಾಯಿಸುವುದಿಲ್ಲ. ಅಸಲು ಮೀಟಿಂಗ್ ನಡೆಯುವುದು ಅದು ಮುಗಿದ ಮೇಲೆ, ಚಹಾದ ಲೋಟ ಹಿಡಿದು ನಿಂತಾಗ. ಆಗ ಮೂರು ಜನರ ನಂಬರು ತೆಗೆದುಕೊಳ್ಳಿ. ಶನಿವಾರ ರಾತ್ರಿ ಒಂಬತ್ತಕ್ಕೆ ಕೆಲಸಕ್ಕೆ ಬರುವುದು ಆ ನಂಬರುಗಳೇ.

ಝೂಮ್‌ನಲ್ಲಿ ಸಿಗದಿರುವುದು ಇದೇ. ನೈಟ್ ಶಿಫ್ಟಿನವರಿಗೆ, ಪರದೇಶದ ಕನ್ನಡಿಗರಿಗೆ, ಸುತ್ತಲೂ ಮೀಟಿಂಗೇ ಇಲ್ಲದ ಊರಿನವರಿಗೆ ಅದು ವರವೇ. ಗಂಡಸರೇ ತುಂಬಿರುವ ಕೊಠಡಿಗೆ ಕಾಲಿಡಲು ಹಿಂಜರಿಯುವ ಹೆಣ್ಣುಮಕ್ಕಳಿಗೂ ಮಹಿಳೆಯರ ಆನ್‌ಲೈನ್ ಮೀಟಿಂಗ್ ಸಲೀಸು. ಆದರೆ ಕ್ಯಾಮೆರಾ ಆಫ್ ಮಾಡಿ ಕೈಯಲ್ಲಿ ಗ್ಲಾಸ್ ಹಿಡಿದು ಕೂತರೂ ಯಾರಿಗೂ ಗೊತ್ತಾಗುವುದಿಲ್ಲ. ಸೇರುವ ಮುಂಚೆ ಹೆಸರು ಬದಲಿಸಿಕೊಳ್ಳಿ. ಆಫೀಸಿನ ಖಾತೆಯಿಂದ ಹೊಕ್ಕರೆ ಪೂರ್ತಿ ಹೆಸರು, ಕೆಲವೊಮ್ಮೆ ಫೋಟೋ ಕೂಡ ಎಲ್ಲರ ಮುಂದೆ ಬೀಳುತ್ತದೆ. ಇಯರ್‌ಫೋನ್ ಹಾಕಿದರೆ ಬೇರೆಯವರ ಮಾತು ಮನೆಯವರ ಕಿವಿಗೆ ಬೀಳುವುದಿಲ್ಲ.

ನವಜೀವನ ಸಮಿತಿಯ ದಾರಿ ಬೇರೆ. ಸಾಮಾನ್ಯವಾಗಿ ಎಂಟು ದಿನದ ಶಿಬಿರ, ಅಲ್ಲೇ ವಾಸ, ಭಜನೆ, ವ್ಯಾಯಾಮ, ಮನೆಯವರಿಗೂ ಒಂದು ದಿನ. ಮುಗಿಸಿದವರು ಊರಲ್ಲಿ ಸಮಿತಿಯಾಗಿ ಸೇರುತ್ತಾರೆ. ಇಲ್ಲಿ ಗುಟ್ಟೆಂಬುದಿಲ್ಲ, ಯಾರು ಬಿಟ್ಟರೆಂದು ಊರಿಗೆಲ್ಲ ಗೊತ್ತು. ಕೆಲವರಿಗೆ ಅದೇ ಕಾವಲು: ಬಾರಿನ ಮೆಟ್ಟಿಲು ಹತ್ತಿದರೆ ಹತ್ತು ಜನ ಕೇಳುತ್ತಾರೆ. ಗುಟ್ಟು ಬೇಕೆನ್ನುವವರಿಗೆ ಅದೇ ಉಸಿರುಕಟ್ಟು. ನಿಮ್ಮ ತಾಲ್ಲೂಕಿಗೆ ಶಿಬಿರ ಬರುವವರೆಗೆ ಕಾಯಬೇಕು, ಎಂಟು ದಿನದ ಕೂಲಿಯೂ ಹೋಗುತ್ತದೆ.

ಮನೆಯವರಿಗೆ ಅಲ್-ಅನಾನ್ ಎಂಬ ಅವರದೇ ಬೇರೆ ಕೂಟ ಇದೆ, ಕುಡಿಯುವವರು ಬಾರದಿದ್ದರೂ ಅವರು ಹೋಗಬಹುದು.

ನನ್ನ ಆಯ್ಕೆಯ ಲೆಕ್ಕ ಗಡಿಯಾರದ್ದು. ಕೆಲಸ ಬಿಟ್ಟು ಏಳಕ್ಕೆ ಬಾರಿಗೆ ಹೋಗುವ ಅಭ್ಯಾಸವಿದ್ದರೆ ಏಳಕ್ಕೇ ಶುರುವಾಗುವ, ಅದೇ ಬಸ್ ರೂಟಿನ ಮೀಟಿಂಗ್ ಹಿಡಿಯಿರಿ. ಭಾನುವಾರ ಬೆಳಗಿನ ಮೀಟಿಂಗ್ ಎಷ್ಟೇ ಚೆನ್ನಾಗಿದ್ದರೂ ಆ ಹೊತ್ತನ್ನು ತುಂಬುವುದಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಬೇರೆ ದಿನ ಬೇರೆ ಗುಂಪು, ನಾಲ್ಕೈದು ನೋಡದೆ ಎ.ಎ.ಯೇ ಆಗದೆನ್ನಬೇಡಿ. ಮೊದಲ ದಿನ ಹದಿನೈದು ನಿಮಿಷ ಮುಂಚೆ ಹೋಗಿ, ಕುರ್ಚಿ ಜೋಡಿಸುತ್ತಿರುವವರ ಜೊತೆ ನೀವೂ ನಾಲ್ಕು ಕುರ್ಚಿ ಎತ್ತಿ ಹಾಕಿ.