ಅಡಿಕೆ ತೋಟದಲ್ಲಿ ತಗಡಿನ ಶೆಡ್ಡು: ಕಾಸರಗೋಡಿನ ಮಳೆಯಲ್ಲಿ ಬಳಸಿ ಕಂಡದ್ದು

ತೋಟಕ್ಕೊಂದು ಶೆಡ್ಡು ಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಶೀಟು ಯಾವ ಕಂಪೆನಿಯದ್ದು ಎಂದು. ಬದಿಯಡ್ಕ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ನಿಂತಿರುವ ತಗಡಿನ ಶೆಡ್ಡು ಐದಾರು ಮಳೆಗಾಲ ಕಂಡಿದೆ. ಇಷ್ಟು ಬಳಸಿದ ಮೇಲೆ ನನಗೆ ಖಚಿತವಾಗಿರುವುದು, ಕಂಪೆನಿಯ ಹೆಸರಿಗಿಂತ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಎರಡು: ಮಳೆನೀರು ಎಲ್ಲಿ ನಿಲ್ಲುತ್ತದೆ, ಶೆಡ್ಡಿನೊಳಗೆ ಏನಿಡುತ್ತೀರಿ.

ನಮ್ಮದು 12 ಅಡಿ ಉದ್ದ, 10 ಅಡಿ ಅಗಲದ ಶೆಡ್ಡು. ಜಿಐ (ಸತುವಿನ ಲೇಪದ ಕಬ್ಬಿಣ) ಚೌಕ ಪೈಪಿನ ಚೌಕಟ್ಟು, ಗೋಡೆಗೂ ಮಾಡಿಗೂ (ಚಾವಣಿಗೂ) ಬಣ್ಣ ಹಚ್ಚಿದ ಗಾಲ್ವಲ್ಯೂಮ್ ಲೇಪದ ಉಕ್ಕಿನ ಶೀಟು. ಸ್ಥಳೀಯ ವೆಲ್ಡಿಂಗ್ ಅಂಗಡಿಯವರು ಬಂದು ನಿಲ್ಲಿಸಿಕೊಟ್ಟರು. ತಳದ ಕಾಂಕ್ರೀಟು ಬಿಟ್ಟರೆ ಖರ್ಚು ಒಂದು ಲಕ್ಷದ ಒಳಗೇ ಮುಗಿಯಿತು. ಮೊದಲು ಅದೇ ಜಾಗದಲ್ಲಿ ಹಂಚಿನ ಕೊಟ್ಟಿಗೆಯಿತ್ತು. ಅದರ ಮಾಡಿನ ಮರದ ಪಕ್ಕಾಸು, ರೀಪುಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಮಂಗಗಳು ಹಂಚು ಜಾರಿಸಿ ಹಾಕುತ್ತಿದ್ದವು. ಆ ಎರಡೂ ಕಾಟದಿಂದ ತಗಡು ನಮ್ಮನ್ನು ಪೂರ್ತಿ ಬಿಡಿಸಿದೆ. ಇದೊಂದಕ್ಕಾಗಿಯೇ ಮತ್ತೊಮ್ಮೆ ಕಟ್ಟಿಸಬೇಕಾಗಿ ಬಂದರೂ ನಾನು ತಗಡನ್ನೇ ಆರಿಸುತ್ತೇನೆ.

ಶೀಟಿನ ವಿಚಾರದಲ್ಲಿ ತಿಳಿದಿರಬೇಕಾದದ್ದು ಬಹಳವಿಲ್ಲ. ಗಾಲ್ವಲ್ಯೂಮ್ ಲೇಪದಲ್ಲಿ ಶೇ. 55 ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಡಿಮೆ ಸತುವು, ಜೊತೆಗೆ ತುಸು ಸಿಲಿಕಾನ್. ಎಝಡ್ (AZ) 150 ಎಂದು ಬರೆದಿದ್ದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪವಿದೆ ಎಂದರ್ಥ. ಅಂಗಡಿಯವರು ಹೇಳುವ 0.50 ಮಿ.ಮೀ. ದಪ್ಪ ಬಣ್ಣ, ಲೇಪ ಎಲ್ಲ ಸೇರಿದ ಲೆಕ್ಕವಾಗಿರಬಹುದು. ಒಳಗಿನ ಉಕ್ಕು ಅದಕ್ಕಿಂತ ಕಡಿಮೆಯಿರುತ್ತದೆ. ಒಬ್ಬರು ಒಟ್ಟು ದಪ್ಪ ಹೇಳಿ, ಇನ್ನೊಬ್ಬರು ಉಕ್ಕಿನ ದಪ್ಪ ಹೇಳಿದರೆ ದರ ಹೋಲಿಸುವುದಕ್ಕೇ ಆಗುವುದಿಲ್ಲ. ಎರಡನ್ನೂ ಬಿಡಿಸಿ ಕೇಳಿ.

ನಮ್ಮ ಶೀಟಿನ ನಡುಭಾಗದಲ್ಲಿ ಇವತ್ತಿಗೂ ತುಕ್ಕಿನ ಚುಕ್ಕೆಯಿಲ್ಲ. ತುಕ್ಕು ಬಂದದ್ದು ಕತ್ತರಿಸಿದ ಅಂಚುಗಳಲ್ಲಿ ಮತ್ತು ಸ್ಕ್ರೂಗಳ ಸುತ್ತ. ಕೆಲಸದವರು ಶೀಟನ್ನು ಕೈಕತ್ತರಿಯಿಂದ ಕತ್ತರಿಸದೆ ಗ್ರೈಂಡರ್ ಹಿಡಿದರು. ಕಿಡಿ ಹಾರಿದ ಕಡೆಯಲ್ಲೆಲ್ಲ ಬಣ್ಣ ಸುಟ್ಟಿತು, ಅಂಚಿನ ಲೇಪ ಹೋಯಿತು. ತೂತು ಕೊರೆದಾಗ ಉದುರಿದ ಕಬ್ಬಿಣದ ಚೂರುಗಳನ್ನು ಮಾಡಿನ ಮೇಲೆಯೇ ಬಿಟ್ಟು ಇಳಿದರು. ಮೊದಲ ಮಳೆಗೇ ಅವು ತುಕ್ಕು ಹಿಡಿದು ಕೆಂಪು ಗೆರೆಗಳಾದವು. ಸ್ಕ್ರೂಗಳಂತೂ ತೀರಾ ಸಾಧಾರಣದವು. ಮೂರನೆಯ ಮಳೆಗಾಲದ ಹೊತ್ತಿಗೆ ತಲೆಗಳು ಕಂದಿದ್ದವು, ಕೆಳಗಿನ ರಬ್ಬರ್ ವಾಷರ್‌ಗಳು ಬಿರುಕು ಬಿಟ್ಟಿದ್ದವು. ಅಂಗಡಿಯವರಿಗೆ ಹಲವು ಸಲ ಫೋನು ಮಾಡಿದೆ. ಬಂದು ನೋಡಿದರು, ಶೀಟಿಗೆ ಮಾತ್ರ ವಾರಂಟಿ, ಸ್ಕ್ರೂವಿಗಿಲ್ಲ ಎಂದು ಹೋದರು. ಇಷ್ಟು ಒಳ್ಳೆಯ ಶೀಟಿಗೆ ಅಂಥ ಸ್ಕ್ರೂ ಹಾಕಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಒಳ್ಳೆಯ ಲೇಪವಿರುವ, ಇಪಿಡಿಎಂ (ಬಿಸಿಲು ಮಳೆ ತಾಳುವ ರಬ್ಬರ್) ವಾಷರಿನ ಸ್ಕ್ರೂಗಳನ್ನು ಆಮೇಲೆ ನಾನೇ ತರಿಸಿ ಹಾಕಿಸಿದೆ. ಒಟ್ಟು ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬಾರದಷ್ಟು ಸಣ್ಣ ಮೊತ್ತ.

ಇನ್ನು ನೀರಿನ ಮಾತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ. ಸೂರು ಸೇರಿ ನಮ್ಮ ಮಾಡು 14 ಅಡಿಗೆ 12 ಅಡಿ. ಅಷ್ಟು ಸಣ್ಣ ಮಾಡಿನಿಂದಲೇ ಒಂದು ಮಳೆಗಾಲಕ್ಕೆ ನಲವತ್ತು, ಐವತ್ತು ಸಾವಿರ ಲೀಟರ್ ನೀರು ಇಳಿಯುತ್ತದೆ. ಮೊದಲ ವರ್ಷ ಸೂರಿಗೆ ದಂಬೆ (ಮಾಡಿನ ನೀರು ಹಿಡಿದು ಸಾಗಿಸುವ ಕೊಳವೆತೊಟ್ಟಿ) ಹಾಕಿಸಿರಲಿಲ್ಲ. ದರಪಟ್ಟಿಯಲ್ಲಿ ಅದು ಸೇರಿರಲೂ ಇಲ್ಲ. ನೀರು ನೆಲಕ್ಕೆ ಬಿದ್ದು, ಕೆಮ್ಮಣ್ಣು ಎಗರಿ, ಗೋಡೆಯ ಕೆಳಗಿನ ಒಂದೂವರೆ ಅಡಿ ಮಣ್ಣು ಮೆತ್ತಿಕೊಂಡೇ ಇರುತ್ತಿತ್ತು. ಮಳೆ ಬಿಟ್ಟರೂ ಆ ಮಣ್ಣು ಒಣಗುವುದಿಲ್ಲ. ಶೀಟಿನ ಕೆಳ ಅಂಚು ಅದರಡಿಯಲ್ಲಿ ಹಗಲುರಾತ್ರಿ ಒದ್ದೆ. ಈಗ ದಂಬೆಯಿದೆ, ನೀರು ಕೊಳವೆಯಲ್ಲಿ ಇಂಗುಗುಂಡಿಗೆ ಹೋಗುತ್ತದೆ, ಸುತ್ತ ಜಲ್ಲಿ ಹಾಸಿದ್ದೇವೆ. ಗೋಡೆ ಅಂದಿನಿಂದ ಶುಭ್ರವಾಗಿದೆ.

ನಮ್ಮಲ್ಲಿ ಸರಿಯಾಗಿ ನಡೆದ ಕೆಲಸವೆಂದರೆ ತಳದ್ದು. ಕಾಂಕ್ರೀಟಿನ ಮೇಲೆ ಎರಡು ವರಸೆ ಮುರಕಲ್ಲು (ಜಂಬಿಟ್ಟಿಗೆ) ಕಟ್ಟಿ, ಅದರ ಮೇಲೆ ಪೈಪಿನ ಚೌಕಟ್ಟನ್ನು ಬೋಲ್ಟ್ ಹಾಕಿ ಬಿಗಿದಿದ್ದಾರೆ. ಶೀಟು ಕಲ್ಲಿನ ಹೊರಮೈಯಿಂದ ತುಸು ದೂರದಲ್ಲಿ ತೂಗುತ್ತದೆ, ಸಿಮೆಂಟಿಗೆ ತಾಗುವುದಿಲ್ಲ. ಇದು ಅಗತ್ಯ. ಒದ್ದೆ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಇರುವ ಲೇಪವನ್ನು ತಿನ್ನುತ್ತದೆ.

ಅದೇ ಕಾರಣಕ್ಕೆ ಅಡಿಕೆ ಬೆಳೆಗಾರರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣಕ್ಕೆ ಬೇಕಾದದ್ದು ಎರಡು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡೂ ಈ ಶೆಡ್ಡಿಗೆ ಶತ್ರುಗಳೇ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತುತ್ತದೆ. ಮೈಲುತುತ್ತಿನ ನೀರು ತಗಡಿಗೆ ಬಿದ್ದರೂ ಹಾಗೆಯೇ ತಾಮ್ರ ಕೂರುತ್ತದೆ, ಕೂತಲ್ಲಿ ಸತುವು ಬೇಗನೆ ಕರಗುತ್ತದೆ. ಸುಣ್ಣವಾದರೋ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ನಮ್ಮ ಶೆಡ್ಡಿನ ಒಂದು ಮೂಲೆಯಲ್ಲಿ, ಮದ್ದಿನ ಕೆಲಸಕ್ಕೆ ಬಂದವರು ಪಂಪಿನ ಪೈಪು ಸುತ್ತಿ ಒರಗಿಸಿಡುತ್ತಿದ್ದ ಕಡೆ, ಅಂಗೈಯಗಲದ ಜಾಗದಲ್ಲಿ ಬಣ್ಣ ಗುಳ್ಳೆಯೆದ್ದಿತು. ಉಗುರಿನಿಂದ ಕೆರೆದರೆ ಅಡಿಯಲ್ಲಿ ಬಿಳಿ ಹುಡಿ, ಅದರ ಕೆಳಗೆ ಕೆಂಪು ತುಕ್ಕು. ಉಳಿದ ಗೋಡೆ ಹೊಸದರಂತಿರುವಾಗ ಅಲ್ಲಿ ಮಾತ್ರ ತೂತಾಗುವ ಹಂತಕ್ಕೆ ಬಂದಿದೆ. ಆದ್ದರಿಂದ ಮೈಲುತುತ್ತು, ಸುಣ್ಣ, ಮದ್ದಿನ ಪಂಪು ಇವಕ್ಕೆ ಕಲ್ಲಿನ ಕಟ್ಟಡದಲ್ಲೇ ಜಾಗ ಮಾಡಿ. ಪೊಟ್ಯಾಷ್ ಚೀಲವೂ ಮಳೆಗಾಲದಲ್ಲಿ ನೀರೆಳೆದು ಒಸರುತ್ತದೆ. ತಗಡಿನ ಶೆಡ್ಡಿನಲ್ಲಿ ಇಡಲೇಬೇಕಾದರೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ.

ಒಣಗಿದ ಚಾಲಿಯನ್ನೂ (ಬಿಸಿಲಲ್ಲಿ ಒಣಗಿಸಿದ ಹಣ್ಣಡಿಕೆ) ಇದರಲ್ಲಿ ದಾಸ್ತಾನು ಮಾಡುವುದನ್ನು ನಾನು ಒಪ್ಪುವುದಿಲ್ಲ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ತೇವ ಮಾಡಿನ ಅಡಿಯಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ತಿಂಗಳುಗಟ್ಟಲೆ ಅಂಗಳದಲ್ಲಿ ಒಣಗಿಸಿದ ಚಾಲಿಗೆ ಬೂಸ್ಟು ಹಿಡಿಯಲು ಅಷ್ಟು ಸಾಕು. ಮಾಡಿನ ಕೆಳಗೆ ಎರಡು ಎದುರು ಗೋಡೆಗಳಲ್ಲಿ ಗಾಳಿಗೆ ಜಾಲರಿ ಇಡಿಸಿದ ಮೇಲೆ ಹನಿ ಬಹಳ ಕಡಿಮೆಯಾಗಿದೆ, ಆದರೂ ಆಟಿಯ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ದಿನಗಳಲ್ಲಿ ಪೂರ್ತಿ ನಿಲ್ಲುವುದಿಲ್ಲ. ಹಾರೆ, ಪಿಕ್ಕಾಸು, ಹುಲ್ಲು ಕತ್ತರಿಸುವ ಯಂತ್ರ, ಏಣಿ, ಸ್ಪ್ರಿಂಕ್ಲರ್ ಸಾಮಾನು, ಖಾಲಿ ಗೋಣಿ ಇವಕ್ಕೆ ಶೆಡ್ಡು ಹೇಳಿ ಮಾಡಿಸಿದಂತಿದೆ. 20 ಅಡಿಯ ಪಿವಿಸಿ ಪೈಪು ಮಾತ್ರ ಈ ಅಳತೆಯಲ್ಲಿ ಓರೆಯಾಗಿಟ್ಟರೂ ಹಿಡಿಯುವುದಿಲ್ಲ.

ಮಂಜೇಶ್ವರದ ಕಡಲ ಬದಿಯಲ್ಲಿರುವ ನನ್ನ ಭಾವ ನಮ್ಮದನ್ನು ನೋಡಿಯೇ ಒಂದು ಶೆಡ್ಡು ತರಿಸಿಕೊಂಡರು. ಅವರದು ಬಿಡಿಭಾಗಗಳನ್ನು ಜೋಡಿಸಿ ಬೋಲ್ಟ್ ಬಿಗಿಯುವ ಸಿದ್ಧ ಶೆಡ್ಡು, ತೆಳುವಾದ ಶೀಟು. ಉಪ್ಪುಗಾಳಿಗೆ ಅದು ಎರಡು ಮಳೆಗಾಲದಲ್ಲೇ ಸೋತಿತು. “ಬೋಲ್ಟ್ ಬಿಚ್ಚಿ ಬೇರೆ ಕಡೆ ಇಡಬಹುದೆಂದು ತಂದದ್ದು ಭಾವ, ಈಗ ಒಂದು ಬೋಲ್ಟೂ ತಿರುಗುವುದಿಲ್ಲ” ಎಂದರು. ವಾರಂಟಿ ಪತ್ರ ತೆಗೆದು ನೋಡಿದರೆ ಕಡಲ ತೀರ, ರಾಸಾಯನಿಕ, ದನದ ಹಟ್ಟಿ ಮೂರನ್ನೂ ಹೊರಗಿಟ್ಟಿದ್ದರು. ಕರಾವಳಿಗೆ ತೀರ ಹತ್ತಿರವಿರುವವರಿಗೆ ಮುರಕಲ್ಲಿನ ಗೋಡೆ ಕಟ್ಟಿ ಮಾಡು ಮಾತ್ರ ಶೀಟು ಹಾಕುವುದೇ ವಾಸಿ ಎಂದು ನನಗನ್ನಿಸುತ್ತದೆ.

ಬಾಗಿಲು ತಿರುಗಣಿಯದ್ದೇ ಇರಲಿ. ಜಾರುವ ಬಾಗಿಲಿನ ಕೆಳಗಿನ ಹಳಿಯಲ್ಲಿ ತೋಟದ ಮಣ್ಣು, ಕಸ ತುಂಬಿ ನೀರು ನಿಲ್ಲುತ್ತದೆ. ತೆಂಗಿನ ಮರದಡಿ ಶೆಡ್ಡು ನಿಲ್ಲಿಸಬೇಡಿ. ಅಡಿಕೆ ಬಿದ್ದರೆ ಸದ್ದು ಮಾತ್ರ, ತೆಂಗಿನಕಾಯಿ ಬಿದ್ದರೆ ಶೀಟು ತಗ್ಗಾಗಿ ಅಲ್ಲಿ ನೀರು ನಿಲ್ಲುತ್ತದೆ.

ಮುಂಗಡ ಕೊಡುವ ಮೊದಲು ದರಪಟ್ಟಿಯಲ್ಲಿ ಶೀಟಿನ ಉಕ್ಕಿನ ದಪ್ಪ, ಲೇಪದ ಗ್ರಾಂ, ಪೈಪಿನ ದಪ್ಪ, ಸ್ಕ್ರೂವಿನ ಬಗೆ, ದಂಬೆ, ಗಾಳಿಯ ಜಾಲರಿ ಇಷ್ಟನ್ನೂ ಬರೆಸಿಕೊಳ್ಳಿ. ಗ್ರೈಂಡರ್ ಹಿಡಿಯುವಂತಿಲ್ಲ, ಕೆಲಸ ಮುಗಿದ ದಿನವೇ ಮಾಡು ಗುಡಿಸಿ ಇಳಿಯಬೇಕು ಎಂಬುದನ್ನೂ ಅದರಲ್ಲೇ ಸೇರಿಸಿ.