ಕೊಡಗಿನ ಮಳೆಗಾಲದಲ್ಲಿ ಮಾಡೆಲ್‌ಗೆ ಯಾವ ಬಣ್ಣ? ಸ್ಪ್ರೇ ಡಬ್ಬಿ, ಅಕ್ರಿಲಿಕ್, ಲ್ಯಾಕರ್: ಒಂದು ಹೋಲಿಕೆ

ಕೊಡಗಿನಲ್ಲಿ ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರದು ವಿಚಿತ್ರ ಇಕ್ಕಟ್ಟು. ಬಣ್ಣ ಹೊಡೆಯಲು ಒಣ ಹವೆ ಸಿಗುವುದು ಡಿಸೆಂಬರ್‌ನಿಂದ ಫೆಬ್ರವರಿ ತನಕ. ಅದೇ ಕಾಫಿ ಕೊಯ್ಲಿನ ಕಾಲ; ತೋಟ ಇದ್ದವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಕೈ ಖಾಲಿಯಾಗುವುದು ಜೂನ್ ಕಳೆದ ಮೇಲೆ, ಹೊರಗೆ ಜಡಿಮಳೆ ಹಿಡಿದು ಕೂತಾಗ. ಹಾಗಾಗಿ ಡಬ್ಬಿಯ ಮೇಲೆ ಬರೆದ ಗುಣಗಳನ್ನೆಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಕಕ್ಕಡದಲ್ಲಿ (ಜಡಿಮಳೆಯ ಕೊಡವ ತಿಂಗಳು), ಮಡಿಕೇರಿಯ ಮನೆಯೊಳಗೆ, 1/24 ಅಳತೆಯ, ಅಂದರೆ ಅಸಲಿಯ ಇಪ್ಪತ್ನಾಲ್ಕನೇ ಒಂದರಷ್ಟು ಗಾತ್ರದ ಕಾರಿನ ಬಾಡಿಗೆ ಗಾಜಿನ ಹೊಳಪು ಕೊಡುವ ಬಣ್ಣ ಯಾವುದು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಏರ್‌ಬ್ರಷ್‌ನಲ್ಲಿ (ಕಂಪ್ರೆಸರಿನ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಹೊಡೆಯುವ ಲ್ಯಾಕರ್, ಅಂದರೆ ಘಾಟು ದ್ರಾವಕದಲ್ಲಿ ಕರಗಿ ಬೇಗ ಒಣಗುವ ಬಣ್ಣ; ಅದನ್ನು ತೆಳು ಮಾಡಲು ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್. ಬಣ್ಣ ಮಿಸ್ಟರ್ ಕಲರ್ ಆಗಲಿ, ತಮಿಯಾ ಎಲ್‌ಪಿ ಆಗಲಿ (ಎರಡೂ ಜಪಾನಿನ ಲ್ಯಾಕರ್ ಬಣ್ಣಗಳು), ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಎರಡೂ 10 ಮಿ.ಲೀ. ಬಾಟಲಿ, ಒಂದರ ಥಿನ್ನರ್ ಇನ್ನೊಂದಕ್ಕೆ ನಡೆಯುತ್ತದೆ. ದುಡ್ಡು ಸಾರ್ಥಕವಾದದ್ದು ಆ ಥಿನ್ನರ್‌ನಿಂದ. ಎದುರಿಗೆ ನಿಲ್ಲಿಸಿದ್ದು ಲ್ಯಾಕರ್ ಸ್ಪ್ರೇ ಡಬ್ಬಿ, ತಮಿಯಾದ ಎಕ್ಸ್ (ಹೊಳಪು) ಮತ್ತು ಎಕ್ಸ್‌ಎಫ್ (ಮಂದ) ಅಕ್ರಿಲಿಕ್, ನೀರಿನ ಅಕ್ರಿಲಿಕ್, ಹಳೇ ಕಾಲದ ಎನಾಮಲ್. ಹೊಡೆದು ನೋಡಿದ್ದು ಮೂರು ಥರದ ಕಿಟ್ ಮೇಲೆ: ಕಡುಗೆಂಪು ಮತ್ತು ಕಪ್ಪು ಬಣ್ಣ ಬೇಡುವ 1/24 ರಸ್ತೆ ಕಾರು, ಮಂದ ಬಣ್ಣದ 1/35 ವಿಲ್ಲಿಸ್ ಜೀಪು (ಕೊಡಗಿನಲ್ಲಿ ಜೀಪು ಕಟ್ಟದವರು ಯಾರು?), ಮತ್ತು ಬಿಳಿ-ಕಪ್ಪು ಪಟ್ಟಿಗಳ 1/144 ಸ್ಯಾಟರ್ನ್ 5 ರಾಕೆಟ್. ಕಾರಿಗೆ ಹೊಳಪು ಬೇಕು, ಜೀಪಿಗೆ ಬೇಡ, ರಾಕೆಟ್ಟಿಗೆ ಮಾಸ್ಕಿಂಗ್ ಟೇಪ್ ತಡೆಯುವ ಗಟ್ಟಿತನ ಬೇಕು.

ಬಿಳಿ ಮಂಕು ಎಂಬ ಪೀಡೆ

ಮಳೆಗಾಲದಲ್ಲಿ ಲ್ಯಾಕರ್ ಹೊಡೆದವರೆಲ್ಲ ಇದನ್ನು ನೋಡಿರುತ್ತಾರೆ. ಕಪ್ಪು ಬಾನೆಟ್ ಒದ್ದೆಯಿದ್ದಾಗ ಫಳಫಳ ಅನ್ನುತ್ತಿರುತ್ತದೆ. ಅರ್ಧ ನಿಮಿಷದಲ್ಲಿ ನಡುವಿನಿಂದ ಬೂದು-ಬಿಳಿ ಮಂಕು ಹರಡಿಕೊಳ್ಳುತ್ತದೆ. ಬ್ಲಶಿಂಗ್ ಅನ್ನುವುದು ಇದಕ್ಕೇ. ಬಣ್ಣ ಕೆಟ್ಟಿದೆ ಎಂದುಕೊಂಡು ಬಾಟಲಿ ಎಸೆಯುವವರಿದ್ದಾರೆ, ಎಸೆಯಬೇಡಿ.

ಆಗುವುದಿಷ್ಟೇ. ಥಿನ್ನರ್ ಆವಿಯಾಗುವಾಗ ಬಣ್ಣದ ಮೇಲ್ಮೈಯಿಂದ ಶಾಖ ಎಳೆದುಕೊಳ್ಳುತ್ತದೆ, ಮೇಲ್ಮೈ ತಣ್ಣಗಾಗುತ್ತದೆ. ಕೋಣೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 95 ಇದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಸುಮಾರು 19 ಡಿಗ್ರಿ. ಅಂದರೆ ಬಣ್ಣ ಒಂದೇ ಒಂದು ಡಿಗ್ರಿ ತಣ್ಣಗಾದರೂ ಸಾಕು, ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ ಬಾನೆಟ್ ಬೆವರುತ್ತದೆ. ಆ ನೀರು ಇನ್ನೂ ಹಸಿಯಾಗಿರುವ ಪದರದೊಳಗೆ ಸಿಕ್ಕಿಕೊಂಡು ಕಣ್ಣಿಗೆ ಕಾಣದ ಪೊಳ್ಳುಗಳನ್ನು ಬಿಟ್ಟುಹೋಗುತ್ತದೆ. ಬೆಳಕು ಅಲ್ಲಿ ಚದುರುವುದರಿಂದ ಬಿಳಿ ಕಾಣುತ್ತದೆ. ಬಿಳಿ ಬಣ್ಣದಲ್ಲೂ ಇದೇ ಆಗುತ್ತದೆ, ಕಣ್ಣಿಗೆ ಮಾತ್ರ ಬೀಳುವುದಿಲ್ಲ; ರಾಕೆಟ್ಟಿನ ಬಿಳಿ ಯಾಕೋ ಸುಣ್ಣ ಬಳಿದಂತಿದೆ ಅನ್ನಿಸಿದರೆ ಕಾರಣ ಅದೇ.

ಹೆಚ್ಚು ಹೊಡೆತ ಬೀಳುವುದು ಬೇಗ ಹಾರುವ ಥಿನ್ನರ್‌ಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಲೀಟರ್‌ಗಟ್ಟಲೆ ಸಿಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅಗ್ಗ ನಿಜ, ಆದರೆ ಮಾಡೆಲ್ ಬಣ್ಣಕ್ಕೆ ಬೆರೆಸಿದರೆ ಮಳೆಗಾಲದಲ್ಲಿ ಮಂಕು ಖಾತ್ರಿ. ಸಾಲದ್ದಕ್ಕೆ ಬರೀ ಪ್ಲಾಸ್ಟಿಕ್ ಮೇಲೆ ಬಿದ್ದರೆ ಪ್ಯಾನೆಲ್ ಗೆರೆಗಳ ಅಂಚು ಕರಗುತ್ತದೆ. ಅದು ಏರ್‌ಬ್ರಷ್ ತೊಳೆಯಲು ಸರಿ, ಅಷ್ಟಕ್ಕೇ ಇಟ್ಟುಕೊಳ್ಳಿ.

ಲೆವೆಲಿಂಗ್ ಥಿನ್ನರ್‌ನಲ್ಲಿ ರಿಟಾರ್ಡರ್ ಸೇರಿರುತ್ತದೆ, ಅದು ಆವಿಯಾಗುವುದನ್ನು ನಿಧಾನ ಮಾಡುತ್ತದೆ. ಮೇಲ್ಮೈ ಒಮ್ಮೆಲೇ ತಣ್ಣಗಾಗುವುದಿಲ್ಲ. ಕೂತ ನೀರಿನ ಪಸೆ ಹೊರಹೋಗಲು ಸಮಯ ಸಿಗುತ್ತದೆ. ಬಣ್ಣ ತಾನಾಗಿ ಹರಡಿ ಸಮತಟ್ಟಾಗುತ್ತದೆ. ನಡೆಯುವ ಅಳತೆ ಹೀಗೆ: ಮೊದಲ ತೆಳು ಕೋಟ್‌ಗಳಿಗೆ ಒಂದು ಪಾಲು ಬಣ್ಣಕ್ಕೆ ಒಂದೂವರೆಯಿಂದ ಎರಡು ಪಾಲು ಥಿನ್ನರ್, ಕೊನೆಯ ಒದ್ದೆ ಕೋಟ್‌ಗೆ ಮೂರು ಪಾಲು. 0.3 ಮಿ.ಮೀ. ನಾಝಲ್, 15ರಿಂದ 18 ಪಿಎಸ್‌ಐ ಗಾಳಿಯ ಒತ್ತಡ, ಬಾಡಿಯಿಂದ ನಾಲ್ಕು ಬೆರಳಿಗಿಂತ ತುಸು ದೂರ. ಮಳೆ ಬಿಡುವೇ ಕೊಡದ ದಿನ ಥಿನ್ನರ್‌ಗೆ ಶೇ. 5ರಿಂದ 10 ಮಿಸ್ಟರ್ ರಿಟಾರ್ಡರ್ ಮೈಲ್ಡ್ ಸೇರಿಸಿ. ಅದಕ್ಕಿಂತ ಜಾಸ್ತಿ ಹಾಕಿದರೆ ಬಣ್ಣ ದಿನಗಟ್ಟಲೆ ಮೆತ್ತಗೇ ಇದ್ದು ಬೆರಳಚ್ಚು ಹಿಡಿಯುತ್ತದೆ.

ಇಷ್ಟಾದರೂ ಮಂಕು ಬಂತೇ? ಒರೆಸಬೇಡಿ, ಉಜ್ಜಬೇಡಿ. ಏರ್‌ಬ್ರಷ್‌ನ ಬಣ್ಣದ ಬಟ್ಟಲಿಗೆ ಬರೀ ಲೆವೆಲಿಂಗ್ ಥಿನ್ನರ್ ಹಾಕಿ, ಒತ್ತಡ ಇಳಿಸಿ, ಮಂಕಾದ ಜಾಗದ ಮೇಲೆ ಮಂಜಿನಷ್ಟೇ ತೆಳುವಾಗಿ ಹಾಯಿಸಿ. ಲ್ಯಾಕರ್ ತನ್ನ ಥಿನ್ನರ್‌ಗೆ ಮತ್ತೆ ಕರಗುವ ಜಾತಿ. ಪೊಳ್ಳು ಮುಚ್ಚಿಕೊಂಡು ಕಪ್ಪು ಕಣ್ಣೆದುರೇ ವಾಪಸ್ ಬರುತ್ತದೆ. ಮರುದಿನ ಮಾಡಿದರೂ ನಡೆಯುತ್ತದೆ. ಮಂಕಿನ ಮೇಲೆ ಕ್ಲಿಯರ್ ಕೋಟ್ ಹೊಡೆದುಬಿಟ್ಟಿದ್ದರೆ ಮಾತ್ರ ಸ್ಯಾಂಡ್‌ಪೇಪರ್ ಹಿಡಿಯದೆ ಗತಿಯಿಲ್ಲ.

ಇನ್ನು ಕೋಣೆಯ ಸಂಗತಿ. ಹೀಟರ್ ಇಟ್ಟು ಕೋಣೆ ಬಿಸಿ ಮಾಡಿ ಎಂದು ಸಲಹೆ ಕೊಡುವವರು ಎಕ್ಸಾಸ್ಟ್ ಫ್ಯಾನ್ ಮರೆತಿರುತ್ತಾರೆ. ಲ್ಯಾಕರ್ ಹೊಡೆಯುವಾಗ ಫ್ಯಾನ್ ಇರಲೇಬೇಕು. ಆ ಫ್ಯಾನು ನೀವು ಬಿಸಿ ಮಾಡಿದ ಗಾಳಿಯನ್ನೆಲ್ಲ ಹೊರಗೆ ದಬ್ಬಿ, ಬಾಗಿಲ ಸಂದಿನಿಂದ ಒದ್ದೆ ಗಾಳಿ ಒಳಗೆಳೆಯುತ್ತದೆ. ಹೀಟರಿನ ಕೆಂಪಗೆ ಕಾದ ತಂತಿಯ ಪಕ್ಕ ಥಿನ್ನರ್ ಆವಿ ಬಿಡುವುದಂತೂ ಬೇಡವೇ ಬೇಡ. ಅದರ ಬದಲು ಬಾಡಿಯನ್ನೇ ಬೆಚ್ಚಗೆ ಮಾಡಿ. ರಟ್ಟಿನ ಪೆಟ್ಟಿಗೆಗೆ ಒಳಗಿನಿಂದ ಫಾಯಿಲ್ ಅಂಟಿಸಿ, ಕೆಳಗೊಂದು ಮೇಲೊಂದು ತೂತು ಬಿಟ್ಟು, ಒಳಗೆ 40 ವಾಟ್ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬಿಗೆ ಆ ಶಾಖ ಬರುವುದಿಲ್ಲ. ಬಲ್ಬು ರಟ್ಟಿಗಾಗಲಿ ಬಾಡಿಗಾಗಲಿ ಒಂದು ಗೇಣಿಗಿಂತ ಹತ್ತಿರ ಇರಬಾರದು. ಒಳಗೊಂದು ಥರ್ಮಾಮೀಟರ್ ಇಟ್ಟು 40 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಅದಕ್ಕಿಂತ ಏರಿದರೆ ಛಾವಣಿ ಹೊರುವ ತೆಳು ಪಿಲ್ಲರ್‌ಗಳು ಬಾಗುವ ಭಯ. ಹತ್ತು ನಿಮಿಷ ಅದರಲ್ಲಿ ಕೂತ ಬಾಡಿ ಕೋಣೆಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿದ್ದರೂ ಸಾಕು, ಥಿನ್ನರ್ ಎಳೆಯುವ ತಂಪು ಇಬ್ಬನಿ ಬಿಂದುವಿನ ತನಕ ಇಳಿಯುವುದಿಲ್ಲ. ಪಿಂಗಾಣಿ ಬಟ್ಟಲಿನ ಉಗುರುಬೆಚ್ಚಗಿನ ನೀರಿನಲ್ಲಿ ಬಣ್ಣದ ಬಾಟಲಿಯನ್ನೂ ಇಟ್ಟಿರಿ.

ಒಣಗಿಸಲೂ ಅದೇ ಪೆಟ್ಟಿಗೆ. 20 ಡಿಗ್ರಿಯಲ್ಲಿ ಶೇ. 95 ತೇವಾಂಶದ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ. 52ರ ಹತ್ತಿರ ಇಳಿಯುತ್ತದೆ, ಅಂದರೆ ಪೆಟ್ಟಿಗೆಯೊಳಗೆ ಡಿಸೆಂಬರ್. ಬಣ್ಣ ಹೊಡೆದ ಕೂಡಲೇ ಮಾತ್ರ ಒಳಗಿಡಬೇಡಿ. ವಾಸನೆ ಇಳಿಯುವ ತನಕ, ಅರ್ಧ ಗಂಟೆಯಾದರೂ, ಫ್ಯಾನ್ ಎದುರು ಬಿಡಿ. ಒಲೆಯ ಅಟ್ಟದ ಮೇಲೆ ಒಣಗಿಸುವ ಉಪಾಯ ಮೆಣಸು, ಏಲಕ್ಕಿಗೆ ಚೆನ್ನ. ಇಲ್ಲಿ ಬೂದಿಯೂ ಕೂರುತ್ತದೆ, ಬೆಂಕಿಯ ಅಪಾಯವೂ ಉಂಟು.

ಕಂಪ್ರೆಸರ್ ಬಗ್ಗೆ ಒಂದು ಮಾತು. ಒದ್ದೆ ಗಾಳಿಯನ್ನು ಒತ್ತಿದರೆ ನೀರು ಸೋರದೆ ಇರುತ್ತದೆಯೇ? ಮೂರು ಲೀಟರ್ ಟ್ಯಾಂಕಿನ ಕೆಳಗಿನ ತಿರುಪನ್ನು ಪ್ರತಿ ಸಲ ಬಿಚ್ಚಿ ನೀರು ಬಸಿಯಿರಿ. ರೆಗ್ಯುಲೇಟರ್‌ನ ಬಟ್ಟಲು ಸಾಲದು. ಏರ್‌ಬ್ರಷ್‌ನ ಬುಡಕ್ಕೆ ಸಿಕ್ಕಿಸುವ ಚಿಕ್ಕ ವಾಟರ್ ಟ್ರಾಪ್ ಇನ್ನೊಂದು ಬೇಕು. ಒಂದು ಹನಿ ನುಗ್ಗಿದರೂ ಛಾವಣಿಯ ಮೇಲೆ ಹಳ್ಳ ಬೀಳುತ್ತದೆ, ಅದನ್ನು ಯಾವ ಥಿನ್ನರೂ ತುಂಬಿಸುವುದಿಲ್ಲ.

ಸ್ಪ್ರೇ ಡಬ್ಬಿ

ಕರೆಂಟು ಹೋದರೂ ನಿಲ್ಲದ್ದು ಇದೊಂದೇ, ಅದನ್ನು ಒಪ್ಪಲೇಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರುಗಳಿವೆ, ಇನ್ವರ್ಟರ್ ಮೇಲೆ ಕಂಪ್ರೆಸರ್ ಹಾಕಿದರೆ ಶುರುವಾಗುವ ಹೊಡೆತಕ್ಕೇ ಟ್ರಿಪ್ ಆಗುವುದುಂಟು. ಆದರೆ ಮಂಕು ಹಿಡಿಯುವುದರಲ್ಲೂ ಡಬ್ಬಿಯದೇ ಮೊದಲ ಸ್ಥಾನ. ಒಳಗಿನ ಅನಿಲ ಹೊರಬರುತ್ತಲೇ ತಣ್ಣಗಾಗುತ್ತದೆ, ಬಣ್ಣ ಹೊಳೆಯಂತೆ ಬೀಳುತ್ತದೆ, ರಿಟಾರ್ಡರ್ ಸೇರಿಸೋಣವೆಂದರೆ ಮುಚ್ಚಳವೇ ಇಲ್ಲ. 40 ಡಿಗ್ರಿ ಮೀರದ ನೀರಿನಲ್ಲಿ ಐದು ನಿಮಿಷ ಇಟ್ಟು ಹೊಡೆದರೆ ಬಣ್ಣದ ಕಣ ಸಣ್ಣದಾಗುತ್ತದೆ, ಸ್ವಲ್ಪ ಮೇಲು. ಕುದಿನೀರಿನ ಹತ್ತಿರವೂ ಒಯ್ಯಬೇಡಿ.

ಬೇಕಾದ ಬಣ್ಣ ಡಬ್ಬಿಯಲ್ಲಿ ಮಾತ್ರ ಸಿಗುವುದಾದರೆ ಅದನ್ನು ಬಾಟಲಿಗೆ ಇಳಿಸಿಕೊಳ್ಳಿ. ನಾಝಲ್‌ಗೆ ಸ್ಟ್ರಾ ಸಿಕ್ಕಿಸಿ ಗಾಜಿನ ಬಾಟಲಿಯೊಳಗೆ ನಿಧಾನ ಹೊಡೆಯಿರಿ, ಬಾಟಲಿಯ ಬಾಯಿಗೆ ಬಟ್ಟೆ ಸುತ್ತಿ. ಆಮೇಲೆ ಮುಚ್ಚಳ ಬಿಗಿಯದೆ, ಗಾಳಿಯಾಡುವ ಕಡೆ ಕೆಲವು ಗಂಟೆ ಬಿಡಿ. ಕರಗಿದ ಅನಿಲ ಗುಳ್ಳೆಗುಳ್ಳೆಯಾಗಿ ಹೊರಡುತ್ತದೆ. ಅವಸರದಲ್ಲಿ ಬಿಗಿದರೆ ಬಾಟಲಿ ಉಗುಳುತ್ತದೆ. ನಂತರ ಲೆವೆಲಿಂಗ್ ಥಿನ್ನರ್ ಬೆರೆಸಿ ಏರ್‌ಬ್ರಷ್‌ನಲ್ಲಿ ಹೊಡೆದರೆ ಅದೇ ಡಬ್ಬಿ ಬಣ್ಣ ಬೇರೆಯೇ ಬಣ್ಣ ಅನ್ನಿಸುತ್ತದೆ.

ಮ್ಯಾಟ್ ಕ್ಲಿಯರ್ ಡಬ್ಬಿಯನ್ನು ಮಳೆಗಾಲದಲ್ಲಿ ಮುಟ್ಟಲೇಬೇಡಿ. ಮುಗಿದ ಜೀಪಿನ ಮೇಲೆ ಹಿಟ್ಟು ಚೆಲ್ಲಿದಂತಾಗುತ್ತದೆ.

ತಮಿಯಾ ಅಕ್ರಿಲಿಕ್

ಎರಡನೇ ಸ್ಥಾನ, ಜೀಪಿನ ಮಟ್ಟಿಗೆ ಮೊದಲನೆಯದೇ. ಇದು ಆಲ್ಕೋಹಾಲ್ ಮೂಲದ ಅಕ್ರಿಲಿಕ್. ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್ ಒಂದು ಪಾಲು, ಎಕ್ಸ್-20ಎ ಥಿನ್ನರ್ ಒಂದರಿಂದ ಒಂದೂವರೆ ಪಾಲು. ಮಂದ ಬಣ್ಣವಾದ್ದರಿಂದ ಚೂರುಪಾರು ಮಂಕು ಲೆಕ್ಕಕ್ಕಿಲ್ಲ. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಉಳಿತಾಯ ಮಾಡಬಹುದು, ಆದರೆ ಅದು ಗಾಳಿಯಲ್ಲೇ ಅರ್ಧ ಒಣಗಿ ಪುಡಿಪುಡಿಯಾಗಿ ಕೂರುತ್ತದೆ. ಇದಕ್ಕೂ ಲೆವೆಲಿಂಗ್ ಥಿನ್ನರ್ ಬೆರೆಯುತ್ತದೆ; ಬೆರೆಸಿದರೆ ಪದರ ಇನ್ನೂ ನುಣುಪು, ಇನ್ನೂ ಗಟ್ಟಿ. ಹೊಳಪಿನ ಎಕ್ಸ್ ಬಣ್ಣಗಳು ಮಾತ್ರ ಮಳೆಗಾಲದಲ್ಲಿ ವಾರ ಕಳೆದರೂ ಅಂಟಂಟು ಬಿಡುವುದಿಲ್ಲ, ಕಾರಿನ ಬಾಡಿಗೆ ಬೇಡ.

ನೀರಿನ ಅಕ್ರಿಲಿಕ್

ವಾಸನೆಯಿಲ್ಲ, ಮಕ್ಕಳಿರುವ ಮನೆಗೆ ಒಳ್ಳೆಯದು, ಸಿಂಕ್‌ನಲ್ಲಿ ತೊಳೆದರಾಯಿತು. ಆದರೆ ಒಣಗಬೇಕಾದರೆ ಮೊದಲು ನೀರು ಹೋಗಬೇಕು, ಆಮೇಲೆ ಅಂಟಿನ ಕಣಗಳು ಒಂದಕ್ಕೊಂದು ಬೆಸೆಯಬೇಕು. ಗಾಳಿಯೇ ನೀರು ಕುಡಿದು ಕೂತಿರುವಾಗ ಬಣ್ಣದ ನೀರು ಹೋಗುವುದೆಲ್ಲಿಗೆ? ಮುಟ್ಟಿದರೆ ಒಣಗಿದೆ, ಉಗುರು ತಾಗಿದರೆ ಸಿಪ್ಪೆ. ಸ್ಯಾಟರ್ನ್ 5ರ ಕಪ್ಪು ಪಟ್ಟಿಗಳಿಗೆ ಬಿಳಿಯ ಮೇಲೆ ಟೇಪ್ ಹಾಕಿ ಎತ್ತಿದರೆ ಬಿಳಿ ಹಾಳೆಯೇ ಟೇಪಿನ ಜೊತೆ ಎದ್ದು ಬರುತ್ತದೆ. ಈ ಜಾತಿಯ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಪದರ) ಅನ್ನು ಸ್ಯಾಂಡ್ ಮಾಡಲೂ ಆಗದು, ಅಂಚಿನಿಂದ ರಬ್ಬರ್ ಥರ ಸುಲಿಯುತ್ತದೆ. ಆಲ್ಕೋಹಾಲ್ ಬೆರೆಸಿದರಂತೂ ಮೊಸರಾಗಿ ಏರ್‌ಬ್ರಷ್ ಕಟ್ಟಿಕೊಳ್ಳುತ್ತದೆ.

ಕುಂಚ ಹಿಡಿದರೆ ಕಥೆ ತಿರುಗುತ್ತದೆ. ಬೇಸಿಗೆಯಲ್ಲಿ ಕುಂಚದ ತುದಿಯಲ್ಲೇ ಒಣಗಿ ಗೆರೆಗೆರೆ ಬಿಡುವ ಇದೇ ಬಣ್ಣ ಮಳೆಗಾಲದಲ್ಲಿ ನಿಧಾನ ಒಣಗಿ ನೀಟಾಗಿ ಹರಡುತ್ತದೆ. ಸೀಟು, ಸ್ಟಿಯರಿಂಗ್, ಡ್ಯಾಶ್‌ಬೋರ್ಡ್, ಟೈರಿನ ಧೂಳು, ಎಲ್ಲಕ್ಕೂ ನಾನು ವ್ಯಾಲೆಹೊ ಕಂಪನಿಯ ನೀರಿನ ಅಕ್ರಿಲಿಕ್ ಬಾಟಲಿಗಳನ್ನೇ ಬಳಸುತ್ತೇನೆ. ಕೆಳಗೆ ಲ್ಯಾಕರ್ ಇದ್ದರೆ ತಪ್ಪಾದ ಕಡೆ ಒದ್ದೆ ಹತ್ತಿಯಲ್ಲಿ ಒರೆಸಿ ಮತ್ತೆ ಹಚ್ಚಬಹುದು.

ಎನಾಮಲ್

ಬಾಡಿಗೆ ಬೇಡ. ಒಣಗಲು ದಿನಗಳು ಬೇಕು, ಅಷ್ಟರಲ್ಲಿ ದೀಪಕ್ಕೆ ಬಂದ ಮಳೆಹುಳ ಒಂದಾದರೂ ಛಾವಣಿಯ ಮೇಲೆ ಕೂತು ಸಾಯುತ್ತದೆ. ರಾಕೆಟ್ಟಿನ ಪ್ಯಾನೆಲ್ ಗೆರೆ ತುಂಬಲು ಎನಾಮಲ್ ವಾಶ್ (ಗೆರೆಗಳಲ್ಲಿ ಹರಿಯುವಷ್ಟು ನೀರಾಗಿಸಿದ ಬಣ್ಣ) ಬೇಕೇ ಬೇಕು. ಲ್ಯಾಕರ್ ಮೇಲೆ ನಿಶ್ಚಿಂತೆಯಿಂದ ಹಾಕಿ, ಬರೀ ಪ್ಲಾಸ್ಟಿಕ್ ಮೇಲೆ ಹಾಕಬೇಡಿ. ಒತ್ತಿ ಕೂರಿಸಿದ ಭಾಗಗಳು ಅದರ ಥಿನ್ನರ್ ಹೀರಿ ಬಿರುಕು ಬಿಡುತ್ತವೆ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಸುಕ್ಕು, ಆ ಕ್ರಮವನ್ನು ತಿರುಗಿಸಬಾರದು.

ಯಾರಿಗೆ ಯಾವುದು

ಲ್ಯಾಕರ್‌ಗೆ ಕೊಡಬೇಕಾದ ಬೆಲೆ ವಾಸನೆ. ಮಳೆಗೆ ಕಿಟಕಿ ಮುಚ್ಚಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ ಹೊಡೆಯುವುದು ಹುಚ್ಚುತನ. ಎನ್95 ಮಾಸ್ಕ್ ಕಣ ತಡೆಯುತ್ತದೆ, ಆವಿ ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಕೆಲಸ ಮುಗಿದ ಮೇಲೆ ಕಾರ್ಟ್ರಿಡ್ಜ್‌ಗಳನ್ನು ಜಿಪ್ ಚೀಲದಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಸುಮ್ಮನೆ ನೇತಾಡುತ್ತಲೇ ಅವುಗಳ ಶಕ್ತಿ ಮುಗಿಯುತ್ತದೆ. ಡೆಕಾಲ್ (ಮಾಡೆಲ್‌ಗೆ ಅಂಟಿಸುವ ಗುರುತು, ಅಕ್ಷರಗಳ) ಹಾಳೆಗಳಿಗೂ ಒಂದು ಜಿಪ್ ಚೀಲ, ಸಿಲಿಕಾ ಜೆಲ್ ಸಮೇತ. ಕೊಡಗಿನ ಬೂಷ್ಟು ಅವನ್ನೂ ಬಿಡುವುದಿಲ್ಲ.

ವರ್ಷಕ್ಕೆ ಒಂದೋ ಎರಡೋ ಕಾರು ಕಟ್ಟುವವರು ಏರ್‌ಬ್ರಷ್, ಕಂಪ್ರೆಸರ್‌ಗೆ ದುಡ್ಡು ಸುರಿಯುವುದು ದಂಡ. ಮಳೆಗಾಲದಲ್ಲಿ ಜೋಡಿಸಿ, ಸ್ಯಾಂಡ್ ಮಾಡಿ ಇಟ್ಟುಕೊಂಡು, ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ಬಿಸಿಲಿನ ಮಧ್ಯಾಹ್ನ ನೋಡಿ ಡಬ್ಬಿಯಲ್ಲೇ ಹೊಡೆದರೆ ಹೊಳಪಿಗೇನೂ ಕೊರತೆಯಾಗದು. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಅವರು ಅಷ್ಟು ಕಾಯುವುದೂ ಬೇಕಿಲ್ಲ. ಭಾಗಮಂಡಲದ ಕಡೆಯವರು ಬಲ್ಬಿನ ಪೆಟ್ಟಿಗೆಯಿಲ್ಲದೆ ಯಾವ ಬಣ್ಣವನ್ನೂ ನಂಬಬೇಡಿ.

ನನ್ನ ಹಾಗೆ ಮಳೆಗಾಲವೇ ಬಿಡುವಿನ ಕಾಲವಾದವರಿಗೆ ಲ್ಯಾಕರ್. ಒಂದು 1/24 ಬಾಡಿಗೆ 10 ಮಿ.ಲೀ. ಬಾಟಲಿ ಧಾರಾಳ; ಥಿನ್ನರ್ ಅದರ ಮೂರ್ನಾಲ್ಕು ಪಟ್ಟು ಖರ್ಚಾಗುವುದರಿಂದ 110ರ ಬದಲು 400 ಮಿ.ಲೀ. ಬಾಟಲಿಯನ್ನೇ ತರಿಸಿ. ಹೊತ್ತಿಕೊಳ್ಳುವ ಸರಕಾದ್ದರಿಂದ ಸಾಮಾನ್ಯ ವಿಮಾನ ಪಾರ್ಸಲ್‌ನಲ್ಲಿ ಕಳಿಸುವುದಿಲ್ಲ, ಕೊಡಗಿಗೆ ರೈಲೂ ಇಲ್ಲ. ಬರುವುದು ಲಾರಿಯಲ್ಲಿ, ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಪಾರ್ಸಲ್ ದಾರಿಯಲ್ಲೇ ಕೂರುತ್ತದೆ. ಆರ್ಡರ್ ಮೇ ತಿಂಗಳಲ್ಲೇ ಹಾಕಿ.